ಅಪ್ಪ ಇಲ್ಲದ ಮನೆಯಲ್ಲಿ ಬೆಳೆದವರು ಸಭೆ ಕಟ್ಟಿದ್ದಾರಾ?

ಹೊನ್ನಾವರ ಕಡೆಯ ತಾಯಿಯೊಬ್ಬರ ಪ್ರಶ್ನೆ ಇದು. ಸಭೆ ಅಂದರೆ ಇಲ್ಲಿ ಪಾದ್ರಿಗಳ, ಸಿಸ್ಟರ್‌ಗಳ ಧಾರ್ಮಿಕ ಸಂಘ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ. ದೊಡ್ಡ ಮಗ ಬೋಟಿಗೆ ಹೋಗುತ್ತಾನೆ. ಇವರು ಮೀನು ಮಾರುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿರುವ ಚಿಕ್ಕವನು ಪಾದ್ರಿಯಾಗಲು ಸೆಮಿನರಿಗೆ ಹೋಗುತ್ತೇನೆ ಅನ್ನುತ್ತಿದ್ದಾನೆ, ಅಣ್ಣನಿಗೆ ಅದು ಇಷ್ಟವಿಲ್ಲ. ಅವರು ಕೇಳಿರುವುದು ಹೀಗೆ: "ಧಾರ್ಮಿಕ ಸಭೆಗಳನ್ನು ಕಟ್ಟಿದವರ ಕಥೆ ಓದಿದರೆ ಎಲ್ಲರಿಗೂ ಭಕ್ತಿವಂತ ಅಪ್ಪ ಅಮ್ಮ. ನಮ್ಮಲ್ಲಿ ಅವರು ಹೋದ ಮೇಲೆ ಜಪಸರ ವಾರಕ್ಕೆ ಎರಡು ದಿನ ಆದರೆ ಹೆಚ್ಚು. ನಾನು ಓದಿದ್ದು ಏಳನೇ ತನಕ. ಆ ದೊಡ್ಡವರ ನಂಬಿಕೆ ನಿಜವಾಗಿ ಮನೆಯಿಂದಲೇ ಬಂದದ್ದಾ? ಹಾಗಾದರೆ ನಮ್ಮಂಥ ಮನೆಯಿಂದ ಹೋಗುವ ಹುಡುಗನ ಗತಿ ಏನು? ಅವನು ಹೋದರೆ ನಾಳೆ ನನ್ನನ್ನು ನೋಡುವವರು ಯಾರು?"

ಅಮ್ಮಾ, ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಹೌದು, ಮನೆಯಿಂದಲೇ ಬರುತ್ತದೆ. ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ. ಎಷ್ಟು ಜಪಸರ ಆಯಿತು ಅನ್ನುವ ಲೆಕ್ಕದಿಂದ ಬರುವುದಿಲ್ಲ. ಕಷ್ಟ ಬಂದಾಗ ಅಮ್ಮ ಏನು ಮಾಡಿದಳು, ಬಾಗಿಲಿಗೆ ಬಂದವರಿಗೆ ಏನು ಕೊಟ್ಟಳು, ಅಣ್ಣ ತಮ್ಮಂದಿರ ಜಗಳದಲ್ಲಿ ಯಾರ ಕಡೆ ಹೇಗೆ ನಿಂತಳು, ಇದನ್ನೆಲ್ಲ ಮಗು ನೋಡುತ್ತಾ ಇರುತ್ತದೆ. ಮುಂದೆ ಸಭೆ ಕಟ್ಟುವಾಗ ಆ ಮನೆಯನ್ನೇ ದೊಡ್ಡದು ಮಾಡಿ ಕಟ್ಟುತ್ತದೆ. ಮನೆಯಲ್ಲಿ ಏನು ಇರಲಿಲ್ಲವೋ ಅದೂ ಕೆಲಸ ಮಾಡುತ್ತದೆ. ಕೆಲವರಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಜಾಸ್ತಿ ಕೆಲಸ ಮಾಡಿದೆ.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ನೊವಿಸಿಯೇಟಿನ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಯ, ಹುಡುಗಿಯರಿಗೆ ಸಭಾಸ್ಥಾಪಕರ ಚರಿತ್ರೆ ಪಾಠ ಮಾಡಿದವಳು. ಈಗ ಕಾರವಾರದ ಕೋಡಿಬಾಗದಲ್ಲಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾದದ್ದು ಒಬ್ಬರೇ. ಡಾನ್ ಬಾಸ್ಕೊ, ಅಂದರೆ ಸಲೇಸಿಯನ್ ಸಭೆ ಕಟ್ಟಿದ ಪಾದ್ರಿ ಜೊವಾನ್ನಿ ಬಾಸ್ಕೊ. ಅವರ ಮನೆಗೂ ನಿಮ್ಮ ಮನೆಗೂ ಇರುವ ಹೋಲಿಕೆ ನೋಡಿ ನನಗೇ ಮೈ ಜುಮ್ಮೆಂದಿತು. ಅದಕ್ಕೇ ಅವರ ಮನೆಯ ಕಥೆಯನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಜೊವಾನ್ನಿ ಬಾಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಇಟಲಿಯ ಪೀಡ್‌ಮಾಂಟ್ ಸೀಮೆಯ ಬೆಕ್ಕಿ ಅನ್ನುವ ಪುಟ್ಟ ಕೇರಿಯಲ್ಲಿ. ಅಪ್ಪ ಫ್ರಾಂಚೆಸ್ಕೊ ರೈತ. 1817ರ ಮೇ ತಿಂಗಳಲ್ಲಿ ಹೊಲದಿಂದ ಬೆವರು ಸುರಿಸಿಕೊಂಡು ಬಂದವರು ಹಾಗೇ ತಣ್ಣಗಿನ ನೆಲಮಾಳಿಗೆಗೆ ಇಳಿದರು, ಜ್ವರ ಹಿಡಿಯಿತು, ಕೆಲವೇ ದಿನದಲ್ಲಿ ತೀರಿಕೊಂಡರು. ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ. ಅಪ್ಪನ ಮುಖ ನೆನಪಿಲ್ಲ ಎಂದು ಬಾಸ್ಕೊ ಮುಂದೆ ಬರೆದಿದ್ದಾರೆ. ನೆನಪಿರುವುದು ಇಷ್ಟೇ: ಎಲ್ಲರೂ ಆ ಕೋಣೆಯಿಂದ ಹೊರಗೆ ಹೋಗುತ್ತಿದ್ದರು, ಇವನು ಮಾತ್ರ ಬರಲು ಒಪ್ಪಲಿಲ್ಲ. ಅಪ್ಪ ಬಂದರೆ ಮಾತ್ರ ಬರುತ್ತೇನೆ ಅಂದ. ಅಮ್ಮ ಕೈ ಹಿಡಿದುಕೊಂಡು, ಬಾ ಮಗಾ, ನಿನಗೆ ಇನ್ನು ಅಪ್ಪ ಇಲ್ಲ ಅಂದಳು. ಅಮ್ಮ ಅಳುತ್ತಿದ್ದಳೆಂದು ತಾನೂ ಅತ್ತ. ತನ್ನ ಬದುಕಿನಲ್ಲಿ ನೆನಪಿರುವ ಮೊಟ್ಟಮೊದಲ ಸಂಗತಿಯೇ ಇದು ಎನ್ನುತ್ತಾರೆ ಅವರು.

ಆ ಅಮ್ಮನ ಹೆಸರು ಮಾರ್ಗರಿತಾ ಒಕ್ಕಿಯೆನಾ. ಅಕ್ಷರ ಬರುತ್ತಿರಲಿಲ್ಲ. ನೀವು ಏಳನೇ ತನಕ ಓದಿದ್ದೀರಿ, ಆಕೆ ಅಷ್ಟೂ ಓದಿರಲಿಲ್ಲ. ಧರ್ಮೋಪದೇಶದ ಪ್ರಶ್ನೋತ್ತರ ಮಾತ್ರ ಬಾಯಿಪಾಠ. ಕೈಕೆಳಗೆ ಮೂರು ಹುಡುಗರು ಮತ್ತು ಕಾಯಿಲೆಯ ಅತ್ತೆ. ಹುಡುಗರಲ್ಲಿ ದೊಡ್ಡವನಾದ ಆಂತೋನಿಯೊ ಗಂಡನ ಮೊದಲ ಹೆಂಡತಿಯ ಮಗ. ಗಂಡ ಹೋದ ಆ ಹೊತ್ತಿಗೇ ಸೀಮೆಯಲ್ಲಿ ಬರ ಬಿತ್ತು. ನೆರೆಯವನ ಕೈಯಲ್ಲಿ ದುಡ್ಡು ಕೊಟ್ಟು ಧಾನ್ಯ ತರಲು ಕಳಿಸಿದಳು. ಅವನು ಸಂತೆ ಸಂತೆ ತಿರುಗಿ ಬರಿಗೈಯಲ್ಲಿ ಬಂದ, ಎಷ್ಟು ಬೆಲೆ ಕೊಟ್ಟರೂ ಸಿಗಲಿಲ್ಲ. ಆಕೆ ಮೊದಲು ಮೊಣಕಾಲೂರಿ ಪ್ರಾರ್ಥಿಸಿದಳು. ಆಮೇಲೆ ಎದ್ದು ಕೊಟ್ಟಿಗೆಗೆ ಹೋಗಿ ಮನೆಯ ಕರುವನ್ನು ಕಡಿಸಿ, ಹಸಿದ ಮಕ್ಕಳಿಗೆ ಅಂದೇ ರಾತ್ರಿ ಬೇಯಿಸಿ ಹಾಕಿದಳು. ರೈತರ ಮನೆಯಲ್ಲಿ ಕರು ಅಂದರೆ ನಾಳೆಯ ಬದುಕು, ಅಲ್ವಾ? ಅದನ್ನೇ ಕೊಟ್ಟಳು. ಪ್ರಾರ್ಥನೆ ಒಂದು ಕಡೆ ಕೆಲಸ ಇನ್ನೊಂದು ಕಡೆ ಅಂತ ಆ ಮನೆಯಲ್ಲಿ ಇರಲಿಲ್ಲ. ನಾನು ಪಾಠ ಮಾಡುವಾಗ ಇಲ್ಲಿ ಯಾವಾಗಲೂ ನಿಲ್ಲಿಸುತ್ತಿದ್ದೆ, ಏಕೆಂದರೆ ಡಾನ್ ಬಾಸ್ಕೊ ಮುಂದೆ ತ್ಯೂರಿನ್ ನಗರದಲ್ಲಿ ಮಾಡಿದ್ದೆಲ್ಲ ಇದನ್ನೇ.

ಇನ್ನೊಂದು ಮಾತು. ಅವಳಿಗೆ ಮರುಮದುವೆಯ ಒಳ್ಳೆಯ ಸಂಬಂಧ ಬಂದಿತ್ತು. ಷರತ್ತು ಒಂದೇ, ಮಕ್ಕಳನ್ನು ಒಬ್ಬ ಪಾಲಕನ ಕೈಗೆ ಒಪ್ಪಿಸಬೇಕು, ಅವನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಆಕೆಯ ಉತ್ತರ: ಪಾಲಕ ಸ್ನೇಹಿತನಾಗಬಹುದು, ನಾನು ಅವರ ತಾಯಿ. ಅಲ್ಲಿಗೆ ಮಾತು ಮುಗಿಯಿತು. ಇದನ್ನು ಮಗ ಮರೆಯಲಿಲ್ಲ. ಅನಾಥ ಹುಡುಗರಿಗೆ ಪಾಲಕರು ಬೇಕಾದಷ್ಟು ಸಿಗಬಹುದು, ಬೇಕಾಗಿರುವುದು ಮನೆ ಎಂದು ಅವರಿಗೆ ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿರಲಿಲ್ಲ.

ಈಗ ನಿಮ್ಮ ದೊಡ್ಡ ಮಗನ ವಿಷಯಕ್ಕೆ ಬರುತ್ತೇನೆ. ಬೆಕ್ಕಿಯ ಮನೆಯಲ್ಲೂ ಇದೇ ಇತ್ತು. ಆಂತೋನಿಯೊ ಜೊವಾನ್ನಿಗಿಂತ ಏಳು ವರ್ಷ ದೊಡ್ಡವನು. ತಮ್ಮ ಲ್ಯಾಟಿನ್ ಪುಸ್ತಕ ಹಿಡಿದು ಕೂತರೆ ಅವನಿಗೆ ಉರಿಯುತ್ತಿತ್ತು. ನಾನು ಇಷ್ಟು ಎತ್ತರ, ಇಷ್ಟು ಗಟ್ಟಿಯಾಗಿ ಬೆಳೆದೆ, ಇಂಥ ಪುಸ್ತಕ ಕಣ್ಣಲ್ಲೂ ನೋಡಿಲ್ಲ ಅಂದ. ಜೊವಾನ್ನಿ ಸುಮ್ನೆ ಇರಲಿಲ್ಲ. ನಮ್ಮ ಕತ್ತೆ ನಿನಗಿಂತ ದೊಡ್ಡದಾಗಿದೆ, ಅದೂ ಶಾಲೆಗೆ ಹೋಗಿಲ್ಲ ಅಂದುಬಿಟ್ಟ. ಆಮೇಲೆ ಏಟು ತಪ್ಪಿಸಿಕೊಂಡು ಓಡಬೇಕಾಯಿತು. ಇದನ್ನು ಬಾಸ್ಕೊ ತಾವೇ ಬರೆದಿಟ್ಟಿದ್ದಾರೆ, ಸಂತರ ಮನೆಯಲ್ಲಿ ಜಗಳವಿರಲಿಲ್ಲ ಅನ್ನುವವರಿಗೆ ನಾನು ಇದನ್ನೇ ಓದಿ ಹೇಳುತ್ತಿದ್ದೆ.

ಆದರೆ ಆಂತೋನಿಯೊನನ್ನು ಕೆಟ್ಟವನು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವನು ಚಿಕ್ಕವನಿದ್ದಾಗಲೇ ಹೆತ್ತಮ್ಮ ಹೋದಳು, ಒಂಬತ್ತರಲ್ಲಿ ಅಪ್ಪ ಹೋದ. ಹೊಲದ ಕೆಲಸ ಅವನ ಹೆಗಲ ಮೇಲೆ ಬಿತ್ತು. ತಾನು ದುಡಿಯಬೇಕು, ತಮ್ಮ ಓದಬೇಕು ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಿಮ್ಮ ದೊಡ್ಡವನ ಸಿಟ್ಟಿನ ಕೆಳಗೂ ಇಂಥದ್ದೇ ದಣಿವು ಇರಬಹುದು, ನೋಡಿ. ಅವನಿಗೂ ಅಪ್ಪ ಇಲ್ಲ.

ಕೊನೆಗೆ ಮಾರ್ಗರಿತಾ ಬಹಳ ಕಷ್ಟದ ನಿರ್ಧಾರ ಮಾಡಿದಳು. ಜಗಳ ಮಿತಿಮೀರಿದಾಗ ಒಂದು ಫೆಬ್ರುವರಿಯ ಚಳಿಯಲ್ಲಿ ಹನ್ನೆರಡರ ಆಸುಪಾಸಿನ ಜೊವಾನ್ನಿಯನ್ನು ಮನೆಯಿಂದ ಕಳಿಸಿದಳು. ಅವನು ಮೊಗ್ಲಿಯಾ ಅನ್ನುವವರ ಜಮೀನಿನಲ್ಲಿ ಆಳಾಗಿ ಸೇರಿಕೊಂಡ, ದನ ನೋಡಿಕೊಂಡು ಸುಮಾರು ಎರಡು ವರ್ಷ ಅಲ್ಲೇ ಕಳೆದ. ಅಪ್ಪ ಇಲ್ಲ, ಮನೆಯಲ್ಲಿ ಜಾಗ ಇಲ್ಲ, ಬೇರೆಯವರ ಕೊಟ್ಟಿಗೆಯಲ್ಲಿ ಕೆಲಸ. 1841ರ ಜೂನ್ 5ರಂದು ಗುರುದೀಕ್ಷೆಯಾಗಿ ಪಾದ್ರಿಯಾದ ಮೇಲೆ ಅವರು ತ್ಯೂರಿನ್‌ಗೆ ಹೋದಾಗ ಕಂಡದ್ದು ಎಂಥ ಹುಡುಗರನ್ನು? ಹಳ್ಳಿಯಿಂದ ಗಾರೆ ಕೆಲಸಕ್ಕೆ ಬಂದು ರಾತ್ರಿ ಮಲಗಲು ಜಾಗವಿಲ್ಲದವರು, ಜೈಲಿನಿಂದ ಬಿಡುಗಡೆಯಾದರೂ ಕೈ ಹಿಡಿಯುವವರಿಲ್ಲದೆ ಮತ್ತೆ ಅಲ್ಲಿಗೇ ಮರಳುವವರು. ಬೇರೆ ಪಾದ್ರಿಗಳೂ ಅವರನ್ನು ನೋಡಿದ್ದರು. ಬಾಸ್ಕೊ ಆ ಹುಡುಗರಲ್ಲಿ ತನ್ನನ್ನೇ ನೋಡಿದರು ಎಂದು ನನ್ನ ಗಟ್ಟಿ ನಂಬಿಕೆ. ಮನೆಯ ಕೊರತೆ ಅವರ ಕಣ್ಣನ್ನು ತೆರೆಸಿತ್ತು.

ಆಮೇಲಿನ ಕಥೆ ನನಗೆ ಇನ್ನೂ ಇಷ್ಟ. 1846ರಲ್ಲಿ ಬಾಸ್ಕೊ ಕೆಲಸದ ಭಾರಕ್ಕೆ ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಹೋದರು. ಚೇತರಿಸಿಕೊಳ್ಳಲು ಊರಿಗೆ ಬಂದವರು, ಅಮ್ಮಾ, ನನ್ನ ಜೊತೆ ಬರುತ್ತೀಯಾ ಎಂದು ಕೇಳಿದರು. ಆಕೆಗೆ ಆಗ ಐವತ್ತೆಂಟು, ಮನೆಯಲ್ಲಿ ಮೊಮ್ಮಕ್ಕಳಿದ್ದರು. ನವೆಂಬರ್ 3ರಂದು ಇಬ್ಬರೂ ನಡೆದೇ ತ್ಯೂರಿನ್‌ಗೆ ಹೊರಟರು. ಮದುವೆಯ ಬಟ್ಟೆಬರೆ, ಒಡವೆ ಎಲ್ಲ ಆ ಹುಡುಗರಿಗಾಗಿ ಹೋಯಿತು. 1847ರ ಮೇ ತಿಂಗಳ ಒಂದು ಮಳೆಯ ಸಂಜೆ ಸುಮಾರು ಹದಿನೈದರ ಹುಡುಗನೊಬ್ಬ ಪೂರ್ತಿ ನೆನೆದು ಬಾಗಿಲಿಗೆ ಬಂದ. ಅಪ್ಪ ಅಮ್ಮ ಇಲ್ಲ, ಗಾರೆ ಕೆಲಸ ಹುಡುಕಿ ಬಂದವನು. ಅವಳು ಒಲೆಯ ಹತ್ತಿರ ಕೂರಿಸಿ ಸೂಪು, ರೊಟ್ಟಿ ಕೊಟ್ಟಳು. ಇಟ್ಟಿಗೆ ಮೇಲೆ ಹಲಗೆ ಇಟ್ಟು ಅಡುಗೆಮನೆಯಲ್ಲೇ ಹಾಸಿಗೆ ಮಾಡಿದಳು. ಮಲಗುವ ಮುಂಚೆ ಪ್ರಾರ್ಥನೆ ಹೇಳಿಸಿ, ದುಡಿಮೆ ಬಗ್ಗೆ, ನಂಬಿಗಸ್ತನಾಗಿರುವ ಬಗ್ಗೆ ನಾಲ್ಕು ಮಾತು ಹೇಳಿದಳು. ಇದಕ್ಕೂ ಮೊದಲು ಬಂದು ಮಲಗಿದ್ದ ಹುಡುಗರು ಕಂಬಳಿ ಕದ್ದು ಓಡಿದ್ದರು, ಆದರೂ ಬಾಗಿಲು ತೆಗೆದಳು. ಅಡುಗೆಮನೆಗೆ ಹೊರಗಿನಿಂದ ಬೀಗ ಹಾಕಿದ್ದಳು, ಅದೂ ನಿಜ. ಇವತ್ತಿಗೂ ಜಗತ್ತಿನ ಎಲ್ಲ ಕಡೆ ಸಲೇಸಿಯನ್ ಮನೆಗಳಲ್ಲಿ ರಾತ್ರಿ ಪ್ರಾರ್ಥನೆ ಆದ ಮೇಲೆ ನಾಲ್ಕು ಮಾತು ಹೇಳಿ ಮಕ್ಕಳನ್ನು ಮಲಗಲು ಕಳಿಸುತ್ತಾರಲ್ಲ, ಆ ಪದ್ಧತಿ ಶುರುವಾದದ್ದು ಆ ರಾತ್ರಿಯ ಅಡುಗೆಮನೆಯಲ್ಲಿ ಎಂದು ಸಭೆಯವರು ಹೇಳುತ್ತಾರೆ. ಅಕ್ಷರ ಬಾರದ ವಿಧವೆಯೊಬ್ಬಳು ಕೊಟ್ಟದ್ದು ಅದು!

ಆಕೆಯ ಮನೆಯ ಮೂಲೆಯಲ್ಲಿ ಒಂದು ಕೋಲು ಇತ್ತಂತೆ, ಅದರಿಂದ ಮಕ್ಕಳಿಗೆ ಹೊಡೆದದ್ದೇ ಇಲ್ಲವಂತೆ. ಒಂದು ದಿನ ಏನೋ ತಪ್ಪು ಮಾಡಿದ ಜೊವಾನ್ನಿಗೆ ಆ ಕೋಲು ತೆಗೆದುಕೊಂಡು ಬಾ ಅಂದಳು, ಅವನು ತರುವಷ್ಟರಲ್ಲಿ ತಪ್ಪು ಒಪ್ಪಿಕೊಂಡ, ಅವಳು ನಕ್ಕಳು, ಅಷ್ಟೇ. 1877ರಲ್ಲಿ ಬಾಸ್ಕೊ ತಮ್ಮ ಶಿಕ್ಷಣದ ದಾರಿ ಏನೆಂದು ಬರೆದರು. ಶಿಕ್ಷೆ ಕೊಟ್ಟು ತಿದ್ದುವುದಲ್ಲ, ತಪ್ಪಾಗುವ ಮೊದಲೇ ಜೊತೆಗಿದ್ದು ಕಾಯುವುದು. ಅದಕ್ಕೆ ಮೂರು ಕಂಬ: ವಿವೇಕ, ಧರ್ಮ, ಅಕ್ಕರೆ. ಮೇಷ್ಟರುಗಳು ಇದನ್ನು ದೊಡ್ಡ ಸಿದ್ಧಾಂತವಾಗಿ ಓದುತ್ತಾರೆ. ನನಗೆ ಮಾತ್ರ ಆ ಕೋಲು, ಆ ನಗು ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಾನು ಚರಿತ್ರೆ ಪಾಠ ಮಾಡಿದ್ದು ದಂಡ. ಸಂತರ ಬಾಲ್ಯವನ್ನು ಜನ ಹಿಂದುಮುಂದಾಗಿ ಬರೆಯುತ್ತಾರೆ. ಮೊದಲು ಸಂತ ಆಗುತ್ತಾನೆ, ಆಮೇಲೆ ಅವನಿಗೆ ತಕ್ಕ ಬಾಲ್ಯ ಹುಡುಕುತ್ತಾರೆ, ತೊಟ್ಟಿಲಲ್ಲೇ ಕೈ ಮುಗಿಯುತ್ತಿದ್ದ ಅನ್ನುವ ತರಹ. ಡಾನ್ ಬಾಸ್ಕೊ ಕಥೆಯಲ್ಲೂ ಕೋಲಿನ ಪ್ರಸಂಗದಂಥವು ಅವರ ಶಿಷ್ಯರ ಬರಹದಿಂದ ಬಂದವು. ಅಪ್ಪನ ಸಾವು, ಕರು, ಕತ್ತೆಯ ಮಾತು ಅವರೇ ಬರೆದವು, ಅದೂ ಅರವತ್ತರ ಹತ್ತಿರ ಬಂದಾಗ ತಮ್ಮ ಸಭೆಯವರಿಗಾಗಿ. ನೀವು ಓದಿದ ಪುಸ್ತಕಗಳಲ್ಲಿ ಎಲ್ಲರಿಗೂ ಭಕ್ತಿವಂತ ಅಪ್ಪ ಅಮ್ಮ ಇರುವುದಕ್ಕೆ ಇದೂ ಒಂದು ಕಾರಣ. ಅದನ್ನು ಓದಿ ನಿಮ್ಮ ಮನೆಯನ್ನು ತೂಗಬೇಡಿ.

ಜೊತೆಗೆ ಎದುರು ದಿಕ್ಕಿನ ಉದಾಹರಣೆಯೂ ಇದೆ. ಫ್ರಾನ್ಸಿಸ್ಕನ್ ಸಭೆ ಕಟ್ಟಿದ ಅಸಿಸಿಯ ಫ್ರಾನ್ಸಿಸ್. ಅಪ್ಪ ಪಿಯೆತ್ರೊ ಬಟ್ಟೆ ವ್ಯಾಪಾರಿ, ದುಡ್ಡಿನ ಮನುಷ್ಯ. ಬಿಷಪರ ಎದುರಿಗೇ ಮಗ ಮೈಮೇಲಿನ ಬಟ್ಟೆ ಬಿಚ್ಚಿ ಅಪ್ಪನಿಗೆ ವಾಪಸು ಕೊಟ್ಟ. ಮುಂದೆ ಅವನು ಕಟ್ಟಿದ ಸಭೆಯ ನಿಯಮದಲ್ಲಿ ದುಡ್ಡು ಮುಟ್ಟಬಾರದು. ಅಪ್ಪನ ಅಂಗಡಿಯೂ ಅವನನ್ನು ರೂಪಿಸಿತು, ತಿರುಗಿ ನಿಲ್ಲುವಂತೆ ರೂಪಿಸಿತು.

ಮದರ್ ತೆರೇಸಾ ಕಥೆ ನಿಮಗೆ ಗೊತ್ತಿರುತ್ತದೆ, ಆದರೂ ಅವರ ಅಮ್ಮನ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. 1910ರಲ್ಲಿ ಸ್ಕೋಪಿಯೆಯಲ್ಲಿ ಹುಟ್ಟಿದವರು, ಎಂಟರ ವಯಸ್ಸಿನಲ್ಲಿ ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡರು. ಅಮ್ಮ ದ್ರಾನಾ ಬಟ್ಟೆ, ಕಸೂತಿ ಕೆಲಸ ಮಾಡಿ ಮೂರು ಮಕ್ಕಳನ್ನು ಸಾಕಿದಳು. ಆ ಕಷ್ಟದಲ್ಲೂ ಊಟದ ಮೇಜಿಗೆ ಹೊರಗಿನ ಬಡವರು ಬರುತ್ತಿದ್ದರು. ಇವರು ಯಾರಮ್ಮಾ ಎಂದು ಮಕ್ಕಳು ಕೇಳಿದರೆ, ಕೆಲವರು ಸಂಬಂಧಿಕರು, ಆದರೆ ಎಲ್ಲರೂ ನಮ್ಮವರೇ ಅನ್ನುತ್ತಿದ್ದಳಂತೆ. 1928ರಲ್ಲಿ ಮನೆ ಬಿಟ್ಟ ಮಗಳು ಮತ್ತೆ ಅಮ್ಮನ ಮುಖ ನೋಡಲಿಲ್ಲ. ಕೋಲ್ಕತ್ತದಲ್ಲಿ 1950ರಲ್ಲಿ ಶುರುವಾದ ಸಭೆಯ ಮೇಜು ಮಾತ್ರ ಅದೇ ಮೇಜು.

ನಮ್ಮ ಕರಾವಳಿಯ ಒಂದು ಮಾತು ಹೇಳಬೇಕು, ಏಕೆಂದರೆ ನಿಮ್ಮ ವಾರಕ್ಕೆರಡು ಜಪಸರದ ಚಿಂತೆಗೆ ಅದೇ ಉತ್ತರ. ಸಂತ ಜೋಸೆಫ್ ವಾಜ್ ಹುಟ್ಟಿದ್ದು 1651ರಲ್ಲಿ, ಮಡಗಾಂವ್ ಹತ್ತಿರದ ಬೆಣಾವ್ಲಿಯಲ್ಲಿ. ಮನೆಮಾತು ನಿಮ್ಮದೇ ಕೊಂಕಣಿ. 1681ರಿಂದ 1684ರ ತನಕ ಕೆನರಾ ಸೀಮೆಯಲ್ಲಿ, ಅಂದರೆ ನಮ್ಮ ಈ ಕರಾವಳಿಯಲ್ಲಿ, ಪಾದ್ರಿಗಳ ಕೊರತೆ ಇದ್ದ ಹೊತ್ತಿನಲ್ಲಿ, ಊರೂರು ಅಲೆದರು. ಗೋವಾಕ್ಕೆ ಮರಳಿ 1685ರಲ್ಲಿ ಅಲ್ಲಿಯ ಓರಟರಿ ಅನ್ನುವ ಪಾದ್ರಿಗಳ ಸಭೆಗೆ ರೂಪ ಕೊಟ್ಟರು. 1687ರಲ್ಲಿ ಕೂಲಿಯ ವೇಷದಲ್ಲಿ ಶ್ರೀಲಂಕಾಕ್ಕೆ ಇಳಿದರು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ಬಿಡುತ್ತಿರಲಿಲ್ಲ. ವಿಶ್ವಾಸಿಗಳು ಯಾರೆಂದು ತಿಳಿಯುವುದು ಹೇಗೆ? ಕೊರಳಲ್ಲಿ ದೊಡ್ಡ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಆ ಜಪಸರದ ಮೇಲೆ ನಿಂತಿತೋ ಅವರ ಜೊತೆ ಮೆಲ್ಲಗೆ ಮಾತು ಶುರು. ಪಾದ್ರಿ ಇಲ್ಲದ ಆ ವರ್ಷಗಳಲ್ಲಿ ನಂಬಿಕೆಯನ್ನು ಉಳಿಸಿದ್ದು ಮನೆ, ಮನೆಯ ಸಂಜೆ, ಮನೆಯ ಅಜ್ಜಿಯರು. ನಮ್ಮ ಕಡೆಯೂ ಹಾಗೇ. ಸಂಜೆ ತೇರ್ಸ್, ಅಂದರೆ ಜಪಸರ, ಮುಗಿದ ಮೇಲೆ ಹಿರಿಯರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತೇವಲ್ಲ, ಎಷ್ಟು ತಲೆಮಾರನ್ನು ದಾಟಿ ಬಂದಿದೆ ಅದು. ನೀವು ಎರಡು ದಿನ ಮಾಡುತ್ತೀರಾ? ಆ ಎರಡು ದಿನ ಇಬ್ಬರೂ ಮಕ್ಕಳು ಕೂತಿರಲಿ. ಬೆಸಾಂವ್ ಕೇಳಿದಾಗ ಚಿಕ್ಕವನ ತಲೆಯ ಮೇಲೆ ದೊಡ್ಡವನೂ ಕೈ ಇಡಲಿ, ಅಪ್ಪನ ಜಾಗ ಈಗ ಅವನದೇ ಅಲ್ವಾ.

ಹುಡುಗನ ಬಗ್ಗೆ ಗಡಿಬಿಡಿ ಬೇಡ. ಕಥೋಲಿಕ ಧರ್ಮಸಭೆಯ ನಿಯಮದ ಪ್ರಕಾರ ಧಾರ್ಮಿಕ ಸಭೆಯ ನೊವಿಸಿಯೇಟಿಗೆ 17 ತುಂಬಬೇಕು, ಮೊದಲ ವ್ರತಕ್ಕೆ 18, ಜೀವನಪೂರ್ತಿಯ ವ್ರತಕ್ಕೆ 21. ಗುರುದೀಕ್ಷೆಗೆ 25. ಇಷ್ಟು ವರ್ಷ ಕಾಯಿಸುವುದೇ ಕರೆ ನಿಜವೇ ಎಂದು ನೋಡಲು. ಅವನು ಮೊದಲು ಎಸ್ಸೆಸ್ಸೆಲ್ಸಿ ಮುಗಿಸಲಿ. ನಿಮ್ಮ ಫಾದರ್ ಹತ್ತಿರ ಮನೆಯ ಪರಿಸ್ಥಿತಿ ಇದ್ದ ಹಾಗೇ ಹೇಳಿ, ಸಾಲ ಇದ್ದರೆ ಅದನ್ನೂ ಹೇಳಿ. ರಜೆಯಲ್ಲಿ ಅಣ್ಣನ ಜೊತೆ ಜೆಟ್ಟಿಗೆ ಹೋಗಲಿ, ಬಲೆ ರಿಪೇರಿ ಕಲಿಯಲಿ, ನಿಮ್ಮ ಬುಟ್ಟಿ ಹೊರಲಿ. ಜೊವಾನ್ನಿ ಓದಿನ ಖರ್ಚಿಗೆ ದರ್ಜಿಯ ಹತ್ತಿರ, ಕಾಫಿ ಅಂಗಡಿಯಲ್ಲಿ ದುಡಿದಿದ್ದ. ಮುಂದೆ 1853ರಲ್ಲಿ ಹುಡುಗರಿಗಾಗಿ ಚಪ್ಪಲಿ ಹೊಲಿಯುವ, ಬಟ್ಟೆ ಹೊಲಿಯುವ ಕೆಲಸದ ಕೋಣೆ ತೆರೆದಾಗ ಆ ಕೈಯ ಅನುಭವವೇ ಬಂಡವಾಳ. ಪ್ರಾರ್ಥನೆಯ ಹುಡುಗ ಅಂತ ಅವನನ್ನು ಕೆಲಸದಿಂದ ಬಿಡಿಸಬೇಡಿ. ಹಾಗೆ ಮಾಡಿದರೆ ಅಣ್ಣನ ಸಿಟ್ಟಿಗೆ ನೀವೇ ಕಾರಣ ಕೊಟ್ಟಂತೆ. ಮತ್ತೆ, ನಾಲ್ಕು ವರ್ಷದ ಮೇಲೆ ಅವನು ಬೇಡ ಅಂದರೂ ಬಾಗಿಲು ತೆಗೆದೇ ಇರಲಿ. ಜೊವಾನ್ನಿಯ ಒಡಹುಟ್ಟಿದ ಅಣ್ಣ ಜುಸೆಪ್ಪೆ ರೈತನಾಗಿಯೇ ಬದುಕಿದ. ಅದೇ ಅಮ್ಮ, ಅದೇ ಒಲೆ. ಅವಳು ಅವನನ್ನೇನೂ ಕಡಿಮೆ ಮಾಡಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ನಿಮಗೆ ಎಲ್ಲಕ್ಕಿಂತ ಭಾರ ಅಂತ ನನಗೆ ಗೊತ್ತು. ನಾಳೆ ನೋಡುವವರು ಯಾರು. ಮಾರ್ಗರಿತಾಳ ಊರಿನ ಪಾದ್ರಿಯೂ ಅದನ್ನೇ ಹೇಳಿದ್ದರು. ಮಗ ಫ್ರಾನ್ಸಿಸ್ಕನ್ ಸಭೆಗೆ ಸೇರುವ ಯೋಚನೆಯಲ್ಲಿದ್ದಾಗ, ನಿನಗೆ ವಯಸ್ಸಾಗುತ್ತದೆ, ಅವನು ಹತ್ತಿರ ಇರುವ ಪಾದ್ರಿಯಾದರೆ ನಿನಗೆ ಆಸರೆ, ಹೋಗಿ ತಡೆ ಅಂದರು. ಆಕೆ ಮಗನಿದ್ದ ಕಿಯೆರಿ ಪಟ್ಟಣಕ್ಕೆ ಹೋದಳು. ತಡೆಯಲಿಲ್ಲ. ನನ್ನ ಚಿಂತೆ ಮಾಡಬೇಡ, ನಿನ್ನಿಂದ ನನಗೆ ಏನೂ ಬೇಡ, ಬಡವಳಾಗಿ ಹುಟ್ಟಿದೆ, ಬಡವಳಾಗಿ ಬದುಕಿದೆ, ಬಡವಳಾಗಿಯೇ ಸಾಯುತ್ತೇನೆ, ನೀನು ಪಾದ್ರಿಯಾಗಿ ಶ್ರೀಮಂತನಾದರೆ ಮಾತ್ರ ನಿನ್ನ ಮನೆಗೆ ಕಾಲಿಡುವುದಿಲ್ಲ ಅಂದಳು. ನೀವೂ ಹೀಗೆ ಹೇಳಬೇಕು ಅಂತ ನಾನು ಹೇಳುತ್ತಿಲ್ಲ, ಯಾವ ತಾಯಿಗೂ ಅದನ್ನು ಹೇಳುವ ಹಕ್ಕು ನನಗಿಲ್ಲ. ನಿಮ್ಮ ಭಯ ನ್ಯಾಯವಾದದ್ದು. ಅದನ್ನು ಮಗನ ಎದುರಿಗೇ, ಅಣ್ಣನೂ ಇರುವಾಗ ಹೇಳಿ. ಮೂವರೂ ಕೂತು ಮಾತಾಡಿ. ಆಕೆ ಕೊನೆಯ ಹತ್ತು ವರ್ಷ ಆ ಮಗನ ಮನೆಯಲ್ಲೇ ಇದ್ದಳು, ಹುಡುಗರ ಹರಿದ ಬಟ್ಟೆ ಹೊಲಿಯುತ್ತಾ. ಒಮ್ಮೆ ಅವರು ಆಟವಾಡುತ್ತಾ ಅವಳ ತರಕಾರಿ ತೋಟ ತುಳಿದು ಹಾಳುಮಾಡಿದಾಗ, ಸಾಕು, ಊರಿಗೆ ಹೋಗುತ್ತೇನೆ ಅಂದಳು. ಮಗ ಏನೂ ಹೇಳದೆ ಗೋಡೆಯ ಮೇಲಿನ ಶಿಲುಬೆ ತೋರಿಸಿದ. ಅವಳು ಉಳಿದಳು. 1856ರ ನವೆಂಬರ್ 25ರಂದು ಅಲ್ಲೇ ಕಣ್ಣು ಮುಚ್ಚಿದಳು. ಸಲೇಸಿಯನ್ ಸಭೆ ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ, 1859ರ ಡಿಸೆಂಬರ್ 18ಕ್ಕೆ.

ಡಿಸೆಂಬರ್ 3ಕ್ಕೆ ಚಂದಾವರದ ಚರ್ಚಿನ ಹಬ್ಬಕ್ಕೆ, ಫೆಸ್ತಿಗೆ, ನಾನು ಪ್ರತಿ ವರ್ಷ ಬರುತ್ತೇನೆ, ನಿಮಗೂ ಅದು ದೂರವಲ್ಲ. ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬನ್ನಿ. ದೊಡ್ಡವನ ಜೊತೆ ನನಗೆ ಮೊದಲು ಮಾತಾಡಬೇಕು.